ಹಂದಿಯೋ, ಕಳ್ಳನೋ: ಪಿಐಆರ್ ಸೆನ್ಸರ್‌ಗೊಂದು ಪರೀಕ್ಷೆ

ಬೀದರ್ ಜಿಲ್ಲೆಯ ಔರಾದ್ ಕಡೆ ತೊಗರಿ ಕಾಯಿ ಬಲಿಯುವ ಹೊತ್ತಿಗೆ ಹೊಲಕ್ಕೆ ಮೂವರ ಕಾಟ. ಹಗಲು ಜಿಂಕೆ ಹಿಂಡು, ರಾತ್ರಿ ಕಾಡುಹಂದಿ, ಇವೆರಡರ ನಡುವೆ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸುವ ಕಳ್ಳ. ಬಂದವರು ಯಾರೆಂದು ಹೇಳುತ್ತದೆ ಎಂಬ ಮಾತಿನೊಂದಿಗೆ ಮಾರಾಟವಾಗುವ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಮತ್ತೆ ಮತ್ತೆ ಆರಿಸಿಕೊಳ್ಳುವ ಅಗ್ಗದ ಸಾಧನವೊಂದಿದೆ, ಮೈಶಾಖದ ಚಲನೆಯನ್ನು ಗ್ರಹಿಸುವ ಪಿಐಆರ್ ಸೆನ್ಸರ್. ಕಾವಲಿಗೆ ಅದು ಒದಗುತ್ತದೆ, ಸಂಶಯವಿಲ್ಲ. ಆದರೆ ಗುರುತು ಹಿಡಿಯುವ ಕೆಲಸ ಅದರದಲ್ಲ, ಅದನ್ನು ಕಂಬಕ್ಕೆ ಕಟ್ಟುವವನದು.

ಎಚ್‌ಸಿ-ಎಸ್‌ಆರ್501 ಎಂಬ ಪಿಐಆರ್ ಮಾಡ್ಯೂಲನ್ನು ಕೈಯಲ್ಲಿ ಹಿಡಿದು ನೋಡಿ. ಹೆಬ್ಬೆರಳಿನಷ್ಟು ಬೋರ್ಡು, ಮೇಲೊಂದು ಹಾಲುಬಣ್ಣದ ಗುಮ್ಮಟ, ಬದಿಯಲ್ಲಿ ಎರಡು ತಿರುಪು. ಒಂದು ಎಷ್ಟು ದೂರ ಎನ್ನುವುದಕ್ಕೆ, ಇನ್ನೊಂದು ಎಷ್ಟು ಹೊತ್ತು ಎನ್ನುವುದಕ್ಕೆ. ಗುಮ್ಮಟವೆಂದರೆ ಪ್ಲಾಸ್ಟಿಕ್ಕಿನ ಫ್ರೆನೆಲ್ ಲೆನ್ಸ್. ಎದುರಿನ ಜಾಗವನ್ನು ಅದು ಪಟ್ಟೆ ಪಟ್ಟೆಯಾಗಿ ಒಡೆದು ಒಳಗಿನ ಎರಡು ಹರಳುಗಳ ಮೇಲೆ ಬೀಳಿಸುತ್ತದೆ. ಮೈಯ ಶಾಖ, ಅಂದರೆ ಸುಮಾರು 8ರಿಂದ 14 ಮೈಕ್ರಾನ್ ತರಂಗದ ಅವಕೆಂಪು ಕಿರಣ, ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ತಾಗಿದರೆ ವೋಲ್ಟೇಜ್ ಏರಿಳಿಯುತ್ತದೆ. ಕೊನೆಗೆ ಹೊರಬೀಳುವುದು ಹೌದು ಅಥವಾ ಇಲ್ಲ, ಅಷ್ಟೆ. ಹತ್ತಿರದ ಬೆಕ್ಕೂ ದೂರದ ಮನುಷ್ಯನೂ ಅದಕ್ಕೆ ಒಂದೇ.

'ಪೆಟ್ ಇಮ್ಯೂನ್' ಎಂದು ಮಾರುವ ಸೆನ್ಸರುಗಳೂ ಪ್ರಾಣಿಯನ್ನು ತೂಗಿ ನೋಡುವುದಿಲ್ಲ. ನೆಲದ ಮೇಲಿನ ಸಣ್ಣ ಸಂಕೇತವನ್ನು ಕಡೆಗಣಿಸುತ್ತವೆ, ಪೆಟ್ಟಿಗೆಯ ಮೇಲೆ ಕಿಲೋ ಲೆಕ್ಕ ಅಚ್ಚಾಗಿರುತ್ತದೆ. ಭಾಲ್ಕಿಯ ಅಡತಿ ಅಂಗಡಿಯಲ್ಲಿ ಇಲಿಯ ಬೆನ್ನು ಹತ್ತಿದ ಬೆಕ್ಕು ತೊಗರಿ ಚೀಲದ ಥಪ್ಪಿ ಏರಿತೆಂದರೆ ಆ ಲೆಕ್ಕ ಮುಗಿಯಿತು, ಸೈರನ್ ಕೂಗುತ್ತದೆ. ಬೀದರ್ ನಗರದ ಮಾಳಿಗೆಗಳ ಮೇಲೆ ಕೋತಿಗಳದೂ ಇದೇ ಕಥೆ. ತೆವಳಿಕೊಂಡು ಬರುವ ಜಾಣ ಕಳ್ಳ ಮಾತ್ರ ಪಾರಾಗಬಹುದು.

ಹೊಲದ ಪರೀಕ್ಷೆ ಇನ್ನೂ ಕಠಿಣ. ಸೆನ್ಸರಿಗೆ ಬೇಕಾದದ್ದು ಮೈಗೂ ಹಿನ್ನೆಲೆಗೂ ನಡುವಿನ ಶಾಖದ ಅಂತರ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮೈಯೂ ಮಣ್ಣೂ ಒಂದೇ ಆಗಿ ಅದರ ಕಣ್ಣು ಮಂಜಾಗುತ್ತದೆ. ಬಿಸಿಗಾಳಿಗೆ ಕಂಟಿ ಅಲುಗಿದರೂ ಸುಳ್ಳು ಅಲಾರಂ. ಸೋಯಾ ಕಾಲದಲ್ಲಿ ಮಳೆಹನಿ ಲೆನ್ಸನ್ನು ಮುಚ್ಚುತ್ತದೆ. ಆದರೆ ತೊಗರಿ ಕೈಗೆ ಬರುವುದು ಡಿಸೆಂಬರ್, ಜನವರಿಯ ಚಳಿಯಲ್ಲಿ. ನೆಲ ತಣ್ಣಗಾದ ಆ ರಾತ್ರಿಗಳಲ್ಲಿ ಹಂದಿಯ ಬಿಸಿ ಮೈ ಎದ್ದು ಕಾಣುತ್ತದೆ. ಈ ಸೀಮೆಯ ಮಟ್ಟಿಗೆ ಸೆನ್ಸರಿನ ಪರವಾಗಿ ಹೇಳಬಹುದಾದ ಅತಿ ದೊಡ್ಡ ಮಾತು ಇದೇ, ಆದರೆ ಇದನ್ನು ಹೇಳಿ ಮಾರುವವರನ್ನು ನಾನು ಕಂಡಿಲ್ಲ.

ದೂರದ ಮಿತಿಯೂ ಇದೆ. ಒಂದೇ ಎಕರೆಯ ಚೌಕ ಹೊಲದ ಸುತ್ತಳತೆ ಸುಮಾರು 250 ಮೀಟರ್, ಈ ಮಾಡ್ಯೂಲಿನ ನೋಟ ಸುಮಾರು 7 ಮೀಟರ್. ಸುತ್ತಲೂ ಕಟ್ಟುವುದು ಹುಚ್ಚುತನ. ಹಂದಿ ನುಸುಳುವ ಬದುವಿನ ಕಂಡಿ ರೈತನಿಗೆ ಗೊತ್ತೇ ಇರುತ್ತದೆ, ಅಲ್ಲಿ ನಿಲ್ಲಿಸಿದರೆ ಸಾಕು. ಒಂದೇ ಕಂಬಕ್ಕೆ ಎರಡು, ಮೊಣಕಾಲೆತ್ತರಕ್ಕೆ ಒಂದು, ಎದೆಯೆತ್ತರಕ್ಕೆ ಇನ್ನೊಂದು. ಎರಡಕ್ಕೂ ಪಿವಿಸಿ ಪೈಪಿನ ತುಂಡು ತೊಡಿಸಿ ನೋಟವನ್ನು ನೆಟ್ಟಗೆ ಮಾಡಬೇಕು. ಕೆಳಗಿನದಷ್ಟೇ ಎಚ್ಚೆತ್ತರೆ ಹಂದಿ, ಎರಡೂ ಎಚ್ಚೆತ್ತರೆ ಮನುಷ್ಯ. ಜಿಂಕೆ ಹೆಚ್ಚಾಗಿ ಹಗಲಿನ ಪ್ರಾಣಿ. ಹಗಲು ಹೊಲದ ತುಂಬ ಕೂಲಿಯಾಳುಗಳು ಓಡಾಡುವಾಗ ಸೆನ್ಸರಿಗೆ ಅರ್ಥವಿಲ್ಲ, ಹಾಗಾಗಿ ಜಿಂಕೆಯ ಮುಂದೆ ಅದು ಸೋತಿದೆ ಎಂದೇ ಬರೆಯಬೇಕು. ಗುರುತಿನ ಮಾತು ಕಾಡಿನಲ್ಲೂ ಹೀಗೆಯೇ. ಬಂಡೀಪುರ, ನಾಗರಹೊಳೆಗಳಲ್ಲಿ ಹುಲಿ ಎಣಿಸುವ ಕ್ಯಾಮೆರಾಗಳಲ್ಲೂ ಇಂಥದೇ ಸೆನ್ಸರ್ ಇರುತ್ತದೆ. ಅಲ್ಲಿ ಅದರ ಕೆಲಸ ಕ್ಯಾಮೆರಾವನ್ನು ಎಬ್ಬಿಸುವುದಷ್ಟೆ, ಯಾವ ಹುಲಿ ಎಂಬುದನ್ನು ಆಮೇಲೆ ಚಿತ್ರದ ಪಟ್ಟೆ ನೋಡಿ ಹೇಳುತ್ತಾರೆ.

ನನ್ನ ದೊಡ್ಡ ತಕರಾರು ಸೆನ್ಸರಿನ ಮೇಲಲ್ಲ, ಅದರ ಹಿಂದೆ ಏನನ್ನು ಜೋಡಿಸುತ್ತೇವೆ ಎಂಬುದರ ಮೇಲೆ. ದೀಪ, ಸೈರನ್ ಆದರೆ ತಪ್ಪಿನ ಬೆಲೆ ಅರ್ಧ ನಿದ್ದೆ. 'ಪ್ರಾಣಿ ಬಂದರೆ ಮಾತ್ರ' ಎಂದು ನಂಬಿ ಬೇಲಿಗೆ ನೇರ ಕರೆಂಟ್ ಬಿಡುವ ರಿಲೇ ಜೋಡಿಸಿದರೆ ಬಗ್ಗಿ ನೀರು ಕಟ್ಟುವ ಆಳೂ ಆ ಸೆನ್ಸರಿಗೆ ಹಂದಿಯೇ. ಅಂಥ ಬೇಲಿ ಮೊದಲೇ ಕಾನೂನುಬಾಹಿರ. ಅದಕ್ಕೆ ಸಿಕ್ಕಿ ಸಾಯಬಹುದಾದ ಈ ಸೀಮೆಯ ಜಿಂಕೆ, ಅಂದರೆ ಕೃಷ್ಣಮೃಗವಂತೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ.

ಹಂದಿಗೆ ದೀಪ, ಮನುಷ್ಯನಿಗೆ ಮಾಲೀಕನ ಮೊಬೈಲಿಗೊಂದು ಕಾಲ್, ಇಷ್ಟೇ ಇದ್ದರೆ ಈ ಜೋಡಿ ಸೆನ್ಸರಿಗೆ ನನ್ನ ಒಪ್ಪಿಗೆ ಇದೆ. ಹಗ್ಗ ಬಿಚ್ಚಿಕೊಂಡು ಬಂದ ಎಮ್ಮೆಯನ್ನು ಅದು ಖಂಡಿತ ಮನುಷ್ಯ ಎನ್ನುತ್ತದೆ, ಎದೆಯೆತ್ತರ ಇದೆಯಲ್ಲ. ಆದರೂ ರಾತ್ರಿ ಹೊತ್ತು ತೊಗರಿಯಲ್ಲಿ ಪಕ್ಕದವರ ಎಮ್ಮೆ ನಿಂತಿದ್ದರೆ ಮಾಲೀಕನನ್ನು ಎಬ್ಬಿಸುವುದೇ ಸರಿ.