ಅಪ್ಪಣೆಯಿಂದ ಶುರುವಾಗುವ ಕನ್ನಡ ಪಾಠ

ಮೂವತ್ತು ದಿನದಲ್ಲಿ ಕನ್ನಡ ಕಲಿಸುವ ಕೈಪಿಡಿಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಬೇರೆ ರಾಜ್ಯದಿಂದ ಬ್ಯಾಂಕಿಗೋ ಕಾರ್ಖಾನೆಗೋ ಬಂದವರು ಲೆಕ್ಕ ಹೇಳಲು, ದಾರಿ ಕೇಳಲು ಅವುಗಳಿಂದ ಕಲಿಯುತ್ತಾರೆ. ಆದರೆ ಅವನ್ನೇ ನಂಬಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಪುಸ್ತಕ ಬಾಗಿಲಲ್ಲೇ ಕೈಕೊಡುತ್ತದೆ.

‘ನಮಸ್ಕಾರ, ನೀವು ಹೇಗಿದ್ದೀರಿ?’ ಎಂದು ಅಲ್ಲಿ ಮಾತು ಶುರುವಾಗುವುದು ಕಡಿಮೆ. ‘ಅಣ್ಣಾ, ಗೂಡು ಎಷ್ಟಕ್ಕೋಯ್ತು?’ ಎನ್ನುತ್ತಾರೆ. ಮನೆಯಲ್ಲಿ ಹುಳ ಮೇಯುತ್ತಿದ್ದರೆ ‘ಎಷ್ಟನೇ ಜ್ವರ?’ ಎಂದು ಕೇಳುತ್ತಾರೆ. ಹುಳ ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತಿಗೆ ಜ್ವರ ಎನ್ನುವುದು ರೂಢಿ. ನಾಲ್ಕು ಜ್ವರ ದಾಟಿ, ಮತ್ತಷ್ಟು ದಿನ ಮೇದು, ಹಣ್ಣಾದ ಮೇಲೆ ಅದನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ. ಅಷ್ಟರೊಳಗೆ ರೋಗ ಬಿದ್ದರೆ ಬೆಳೆ ಪೂರ್ತಿ ಹೋಯಿತು. ಹಾಗಾಗಿ ಹುಳದ ಯೋಗಕ್ಷೇಮ ಕೇಳಿದರೆ ಮನೆಯವರದನ್ನೂ ಕೇಳಿದಂತೆ.

ಕೈಪಿಡಿಗಳ ಇನ್ನೊಂದು ಕೊರತೆ, ಒಂದು ಊರಿಗೆ ಒಂದೇ ಭಾಷೆ ಎಂದುಕೊಳ್ಳುವುದು. ಚಿಂತಾಮಣಿ, ಗೌರಿಬಿದನೂರಿನ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು; ಶಿಡ್ಲಘಟ್ಟದ ನೂಲು ಬಿಚ್ಚುವವರಲ್ಲಿ ದಖನಿ ಉರ್ದು ಆಡುವವರು ಬಹಳ. ಅಕ್ಕ, ತಾತ ಎಂಬ ಕರೆಗಳು ಕನ್ನಡಕ್ಕೂ ತೆಲುಗಿಗೂ ಹೊಂದುತ್ತವೆ. ಎರಡೂ ಭಾಷೆಗಳಲ್ಲಿ ರಚನೆ ಮಾಡಿದ ಕೈವಾರದ ಯೋಗಿ ನಾರೇಯಣರನ್ನು ಜನ ಇಂದಿಗೂ ತಾತಯ್ಯ ಎಂದೇ ಕರೆಯುತ್ತಾರೆ. ಇಷ್ಟು ಹತ್ತಿರದ ಸಂಪತ್ತನ್ನು ಯಾವ ಪಾಠವೂ ಮೊದಲ ಪುಟದಲ್ಲಿಡುವುದಿಲ್ಲ.

ಪಾಠ ಬರೆಯುವವರು ಏನನ್ನು ಆರಿಸುತ್ತಾರೆ, ಏನನ್ನು ಬಿಡುತ್ತಾರೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಅಮೆರಿಕದ ವರ್ಜೀನಿಯಾದ ಮೂಲನಿವಾಸಿಗಳ ಪೊವಹಾಟನ್ ಭಾಷೆಯ ಪದಪಟ್ಟಿಯನ್ನು ಜಾನ್ ಸ್ಮಿತ್ 1612ರಲ್ಲಿ ಅಚ್ಚು ಹಾಕಿಸಿದ. ಅವನು ಅಲ್ಲಿನ ಇಂಗ್ಲಿಷ್ ವಸಾಹತಿನವನು, ಅವನ ಅಗತ್ಯವೇ ಅವನ ಅಳತೆಗೋಲು. ಬಿಲ್ಲು, ಬಾಣ, ಎಣಿಕೆಗಳ ಜೊತೆ ‘ನನಗೆ ತುಂಬಾ ಹಸಿವು, ಏನು ತಿನ್ನಲಿ?’ ಎಂಬರ್ಥದ ಮಾತಿದೆ. ಅಲ್ಲಿನ ಮುಖಂಡನ ಮಗಳು ಪೊಕಹಾಂಟಸ್ ಎರಡು ಪುಟ್ಟ ಬುಟ್ಟಿ ತಂದರೆ ಸರಕ್ಕೆ ಬಿಳಿ ಮಣಿ ಕೊಡುತ್ತೇನೆಂಬ ಮಾತೂ ಇದೆ. ಮುಂದೆ ಆ ಭಾಷೆಯನ್ನಾಡುವವರು ಇಲ್ಲವಾದರು. ಈಗ ಅದರ ಬಗ್ಗೆ ತಿಳಿಯಬೇಕಾದರೆ ಸ್ಮಿತ್ ಮತ್ತು ವಿಲಿಯಂ ಸ್ಟ್ರೇಚಿ ಬರೆದಿಟ್ಟ ಪಟ್ಟಿಗಳೇ ಮುಖ್ಯ ಆಧಾರ. ಕೇಳಿಸಿಕೊಂಡವರು ಬಿಟ್ಟದ್ದು ಬಿಟ್ಟೇ ಹೋಯಿತು.

ಆ ಹಸಿವಿನ ಮಾತಿನಲ್ಲಿ ಕೇಳುವವನು ಎದುರಿನವರನ್ನು ನೆಚ್ಚಿಕೊಂಡಿದ್ದಾನೆ. ನಮ್ಮ ಕೈಪಿಡಿಗಳಲ್ಲಿ ‘ಇಲ್ಲಿ ಬಾ’, ‘ಬೇಗ ಮಾಡು’, ‘ನೀರು ತಾ’ ಎಂಬ ಅಪ್ಪಣೆಗಳೇ ಮುಂದೆ ಬರುತ್ತವೆ. ಅವನ್ನೇ ಬಾಯಿಪಾಠ ಮಾಡಿ ಬಂದ ಹೊಸಬ ತನಗಿಂತ ಹಿರಿಯ ರೈತನನ್ನು ‘ಬಾ’ ಎಂದು ಕರೆದರೆ ತಪ್ಪು ಅವನದಲ್ಲ, ಕಲಿಸಿದವರದು. ನನಗೆ ಕೋಪ ಬರುವುದು ಇಲ್ಲೇ.

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಿರುವ ಚಿಕ್ಕಬಳ್ಳಾಪುರ 2007ರಿಂದ ಪ್ರತ್ಯೇಕ ಜಿಲ್ಲೆ. ಇಲ್ಲಿಗೆ ವರ್ಗವಾಗಿ ಬರುವ ನೌಕರರಿಗಾಗಿ ಇಲ್ಲಿನ ಮಾತಿನದೇ ಒಂದು ತೆಳು ಪುಸ್ತಕ ಬರಬೇಕು. ಅದರಲ್ಲಿ ಯಾರನ್ನು ಏನೆಂದು ಕರೆಯಬೇಕು ಎಂಬುದು ಮೊದಲ ಪಾಠವಾಗಲಿ, ‘ಊಟ ಆಯ್ತಾ?’, ‘ಮಳೆ ಬಂತಾ?’, ‘ಗೂಡು ಎಷ್ಟಕ್ಕೋಯ್ತು?’ ಆಮೇಲಿರಲಿ, ಪಕ್ಕದಲ್ಲೇ ತೆಲುಗು, ದಖನಿ ರೂಪಗಳಿರಲಿ. ಅಪ್ಪಣೆಗಳನ್ನು ಕೊನೆಗೆ ಕಲಿತರೂ ಸಾಕು.