ರೂತಳಿಲ್ಲದ ನವೊಮಿ

ಬೆತ್ಲೆಹೇಮಿನ ನವೊಮಿ ಬರಗಾಲದ ನಿಮಿತ್ತ ಪತಿಯೊಡನೆ ಮೋವಾಬಿಗೆ ವಲಸೆ ಹೋದಳು. ಅಲ್ಲಿಯೇ ಮಕ್ಕಳ ಮದುವೆಯಾಯಿತು. ಅಲ್ಲಿಯೇ ಪತಿಯನ್ನೂ ಮಕ್ಕಳನ್ನೂ ಕಳೆದುಕೊಂಡಳು. ಮುಪ್ಪಿನಲ್ಲಿ ಅವಳ ಕೈಹಿಡಿದು ನಡೆದವಳು ಅನ್ಯನಾಡಿನ ಸೊಸೆ ರೂತಳು. ವಲಸೆ, ವಿವಾಹ, ವೃದ್ಧಾಪ್ಯ ಈ ಮೂರೂ ಒಂದೇ ಮನೆಯಲ್ಲಿ ಹೆಣೆದುಕೊಳ್ಳುವುದನ್ನು ಪವಿತ್ರ ಗ್ರಂಥ ಬಹು ಹಿಂದೆಯೇ ಕಂಡಿತ್ತು. ಅಪರ್ಣಾ ಸೇನ್ ನಿರ್ದೇಶಿಸಿದ '36 ಚೌರಂಗಿ ಲೇನ್' (1981) ಎಂಬ ಇಂಗ್ಲಿಷ್ ಚಲನಚಿತ್ರವನ್ನು ರೂತಳಿಲ್ಲದ ನವೊಮಿಯ ಕಥೆ ಎನ್ನಬಹುದು.

ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಶಿಕ್ಷಕಿ ವಯಲೆಟ್ ಸ್ಟೋನ್‌ಹ್ಯಾಮ್ ಅವಿವಾಹಿತೆ. ಅಣ್ಣ ವೃದ್ಧಾಶ್ರಮದಲ್ಲಿದ್ದಾನೆ, ಸೋದರ ಸೊಸೆ ರೋಸ್‌ಮೇರಿ ಮದುವೆಯಾಗಿ ಆಸ್ಟ್ರೇಲಿಯಾ ಸೇರಿದ್ದಾಳೆ. ಮನೆಯಲ್ಲಿ ಉಳಿದಿರುವುದು ಒಂದು ಬೆಕ್ಕು. ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಿಯಕರನೊಡನೆ ಬಂದು ಆ ಮನೆಯನ್ನು ತಮ್ಮ ಏಕಾಂತಕ್ಕೆ ಬಳಸಿಕೊಳ್ಳುತ್ತಾಳೆ. ತಮಗೆ ಮದುವೆಯಾದ ಮೇಲೆ ಅವರಿಗೆ ಮುದುಕಿ ಬೇಡವಾಗುತ್ತಾಳೆ. ಕ್ರಿಸ್ತಜಯಂತಿಯ ರಾತ್ರಿ ತಾನೇ ಮಾಡಿದ ಕೇಕ್ ಹಿಡಿದು ಹೋದ ಅವಳಿಗೆ ಕಿಟಕಿಯಾಚೆ ಕಾಣುವುದು ತನ್ನನ್ನು ಕರೆಯದ ಔತಣ. ಕೊನೆಗೆ ಲಿಯರ್ ದೊರೆಯ ಮಾತುಗಳನ್ನು ಅವಳು ಬೀದಿನಾಯಿಯ ಮುಂದೆ ಹೇಳಿಕೊಳ್ಳುತ್ತಾಳೆ.

ಜೆನ್ನಿಫರ್ ಕೆಂಡಾಲ್ ಅವರ ಅಭಿನಯದಲ್ಲಿ ಅಳುವಿಗಿಂತ ಸಭ್ಯತೆಯೇ ಹೆಚ್ಚು. ಆದ್ದರಿಂದಲೇ ಅದು ಮನಸ್ಸನ್ನು ಕಲಕುತ್ತದೆ. ಚಿತ್ರದ ನಿಜವಾದ ಹಿರಿಮೆ ಬೇರೊಂದಿದೆ. ಇಲ್ಲಿ ಯಾರೂ ದೊಡ್ಡ ಪಾಪ ಮಾಡುವುದಿಲ್ಲ. ಹುಡುಗಿ ಮದುವೆಯಾಗಿ ಗಂಡನೊಡನೆ ಹೋಗುವುದು ತಪ್ಪೇ? ಯುವ ದಂಪತಿಗಳು ತಮ್ಮ ಬದುಕು ಕಟ್ಟಿಕೊಳ್ಳುವುದು ತಪ್ಪೇ? ಇಂತಹ ನ್ಯಾಯವಾದ ನಿರ್ಧಾರಗಳೇ ಒಂದರ ಮೇಲೊಂದು ಬಿದ್ದು ಒಂದು ಜೀವವನ್ನು ಏಕಾಂಗಿಯಾಗಿಸುತ್ತವೆ ಎಂಬ ಕಹಿಸತ್ಯವನ್ನು ನಿರ್ದೇಶಕಿ ದೂರದೆ ಹೇಳುತ್ತಾರೆ.

ಆದರೆ ಹೋದವರ ಪಾಡೇನು? ಚಿತ್ರ ಅತ್ತ ನೋಡುವುದಿಲ್ಲ. ಹೋದ ಮೇಲಿನ ರೋಸ್‌ಮೇರಿಯ ಬದುಕು ನಮಗೆ ದೂರವೇ ಉಳಿಯುತ್ತದೆ. ಈ ಕೊರತೆಯನ್ನು ತುಂಬಿಕೊಳ್ಳಲು ಆಂಡ್ರಿಯಾ ಲೆವಿಯವರ 'ಸ್ಮಾಲ್ ಐಲ್ಯಾಂಡ್' (2004) ಕಾದಂಬರಿಯನ್ನು ಜೊತೆಗಿಟ್ಟು ಓದಬೇಕು. ಕೆರಿಬಿಯನ್ ದ್ವೀಪವಾದ ಜಮೈಕಾದ ಹಾರ್ಟೆನ್ಸ್ ಎಂಬ ಯುವತಿ ಗಿಲ್ಬರ್ಟನ ಹಡಗಿನ ಖರ್ಚಿಗೆ ಹಣ ಕೊಡುತ್ತಾಳೆ. ತನ್ನನ್ನು ಮದುವೆಯಾಗಿ ಇಂಗ್ಲೆಂಡಿಗೆ ಕರೆಸಿಕೊಳ್ಳಬೇಕೆಂಬುದೇ ಷರತ್ತು. 1948ರ ಲಂಡನ್ನಿನಲ್ಲಿ ಅವಳಿಗೆ ದೊರೆಯುವುದು ಒಂದೇ ಕೋಣೆಯ ಸಂಸಾರ. ಶಿಕ್ಷಕಿಯಾದ ಅವಳಿಗೆ ಅಲ್ಲಿ ಶಿಕ್ಷಕಿಯ ಕೆಲಸವಿಲ್ಲ. ಪ್ರಯಾಣದ ಚೀಟಿಯಂತೆ ಆರಂಭವಾದ ಆ ವಿವಾಹ ಅವಮಾನಗಳ ನಡುವೆ ನಿಧಾನವಾಗಿ ದಾಂಪತ್ಯವಾಗುತ್ತದೆ. ಹೋದವರೂ ಒಂಟಿಯೇ ಎಂಬುದನ್ನು ಕಾದಂಬರಿ ನೆನಪಿಸುತ್ತದೆ.

ಕಲ್ಕತ್ತೆ, ಜಮೈಕಾಗಳು ನಮಗೆ ದೂರವೆನಿಸಬಹುದು. ಆದರೆ 1809ರಲ್ಲಿ ಸ್ಥಾಪನೆಯಾದ ಬೆಂಗಳೂರು ದಂಡುಪ್ರದೇಶದಲ್ಲೂ ಇದೇ ಸಮುದಾಯ ಬಾಳಿತು. ಕೆ.ಆರ್.ಪುರದಾಚೆಯ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿಯೇ ಹುಟ್ಟಿದ ಊರು. ಸ್ವಾತಂತ್ರ್ಯಾನಂತರ ಇಲ್ಲಿಂದಲೂ ಅನೇಕರು ಬ್ರಿಟನ್ನಿಗೆ ಹೊರಟರು. ಜಮೈಕಾದವರಿಗೆ ಬಾಗಿಲು ತೆರೆದ ಬ್ರಿಟನ್ನಿನ 1948ರ ಪೌರತ್ವ ಕಾನೂನೇ ಇವರಿಗೂ ದಾರಿಯಾಯಿತು. 1962ರ ಕಾನೂನು ಆ ಬಾಗಿಲನ್ನು ಕಿರಿದುಗೊಳಿಸಿತು. ಮುಂದೆ ಆಸ್ಟ್ರೇಲಿಯಾ ತನ್ನ ಬಿಳಿಯರ ವಲಸೆ ನೀತಿಯನ್ನು ಸಡಿಲಿಸಿದಂತೆ ಪಯಣ ಅತ್ತ ತಿರುಗಿತು. ಇಂದು ಹೊರಡುವವರು ಆಂಗ್ಲೋ-ಇಂಡಿಯನ್ನರು ಮಾತ್ರವಲ್ಲ. ಶಿವಾಜಿನಗರ, ಹಲಸೂರು, ಇಂದಿರಾನಗರದ ಕನ್ನಡ, ತಮಿಳು, ಕೊಂಕಣಿ ಕುಟುಂಬಗಳ ಮಕ್ಕಳೂ ಕೆನಡಾ, ಕೊಲ್ಲಿ ರಾಷ್ಟ್ರಗಳೆಂದು ಹೊರಟಿದ್ದಾರೆ. ಚೌರಂಗಿ ಲೇನ್ ಈಗ ನಮ್ಮ ಬೀದಿಯೂ ಹೌದು.

ಇಲ್ಲಿ ಚಿತ್ರದ ಬಗ್ಗೆ ನನಗಿರುವ ಮುಖ್ಯ ಆಕ್ಷೇಪಣೆಯನ್ನು ಹೇಳಬೇಕು. ವಯಲೆಟ್‌ಳ ಒಂಟಿತನಕ್ಕೆ ಅವಳ ವಿಶ್ವಾಸಿ ಸಮುದಾಯ ಉತ್ತರವಾಗಿ ಬರುವುದೇ ಇಲ್ಲ. ಇದು ಕಥೆಯ ಅರೆಕೊರೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಅದು ನಮ್ಮ ಮೇಲಿನ ಆರೋಪವೂ ಆಗಿದ್ದರೆ? ವೀಸಾಕ್ಕೆಂದು ಯುವಕರು ದೀಕ್ಷಾಸ್ನಾನ, ವಿವಾಹಗಳ ಪ್ರಮಾಣಪತ್ರ ಕೇಳಿಕೊಂಡು ಧರ್ಮಕೇಂದ್ರಕ್ಕೆ ಬರುತ್ತಾರೆ. ನಾವು ಮುದ್ರೆಯೊತ್ತಿ ಹರಸಿ ಕಳುಹಿಸುತ್ತೇವೆ. ಆ ಮನೆಯಲ್ಲಿ ಇನ್ನು ಯಾರು ಉಳಿದರು ಎಂಬುದನ್ನು ಬರೆದಿಡುವ ಪುಸ್ತಕ ಎಲ್ಲಿದೆ?

ಈ ಚಿತ್ರ ಬಂದ 1981ರಲ್ಲಿಯೇ ಜಗದ್ಗುರು ಎರಡನೇ ಜಾನ್ ಪೌಲರು ಕುಟುಂಬವನ್ನು ಕುರಿತು 'ಫಮಿಲಿಯಾರಿಸ್ ಕನ್ಸೋರ್ಸಿಯೊ' ಎಂಬ ಪತ್ರವನ್ನು ಪ್ರಕಟಿಸಿದರು. ವಲಸಿಗ ಕುಟುಂಬಗಳಿಗೆ ಧರ್ಮಸಭೆ ಎಲ್ಲೆಡೆಯೂ ತಾಯ್ನಾಡಾಗಬೇಕೆಂದು ಅದರಲ್ಲಿ ಬಯಸಿದರು. ಹಿರಿಯರನ್ನು ಬದಿಗೊತ್ತುವುದನ್ನು ಖಂಡಿಸಿದರು. ಇವೆರಡನ್ನೂ ಒಟ್ಟಿಗೆ ಓದಬೇಕು. ವಿವಾಹ ಸಿದ್ಧತೆಗೆ ಬರುವ ಜೋಡಿಗಳೊಡನೆ, 'ಹಿರಿಯರ ಜೊತೆ ಯಾರಿರುತ್ತಾರೆ?' ಎಂಬ ಪ್ರಶ್ನೆಯನ್ನೂ ಕುಳಿತು ಚರ್ಚಿಸಬೇಕು. ಹೋಗಬೇಡಿ ಎನ್ನುವುದಕ್ಕಲ್ಲ; ಹೋಗುವ ಮುನ್ನ ಯೋಚಿಸಲೆಂದು.

ಈ ಚಿತ್ರವನ್ನು ಮನೆಮಂದಿಯೆಲ್ಲ ಅಲ್ಲದಿದ್ದರೂ ದಂಪತಿಗಳು ಮತ್ತು ಬೆಳೆದ ಮಕ್ಕಳು ಒಟ್ಟಿಗೆ ಕುಳಿತು ನೋಡಲಿ. ನವೊಮಿ ಹಿಂದಿರುಗಿದಾಗ ಬೆತ್ಲೆಹೇಮಿನಲ್ಲಿ ಊರಿಗೆ ಊರೇ ಕಲಕಿಹೋಯಿತು. ಮೊಮ್ಮಗು ಹುಟ್ಟಿದಾಗ ಹೆಸರಿಟ್ಟವರು ನೆರೆಯ ಹೆಂಗಸರು. ಪ್ರತಿ ಮನೆಗೂ ರೂತಳು ಸಿಗಲಾರಳು. ಆದರೆ ನೆರೆಹೊರೆಯ ಧರ್ಮ ನಮ್ಮ ಕೈಯಲ್ಲೇ ಇದೆ. ಮುಂದಿನ ಕ್ರಿಸ್ತಜಯಂತಿಯಂದು ಕೇಕ್ ಹಿಡಿದು ನಾವೇ ಅವರ ಬಾಗಿಲು ತಟ್ಟೋಣ.