ಗುಬ್ಬಿ ಇದೆ, ಹಿತ್ತಲೆಲ್ಲಿ?

ಔರಾದ ತಾಲ್ಲೂಕಿನ ಚಿಂತಾಕಿಯಿಂದ ಪದವಿ ಓದುವ ಹುಡುಗನೊಬ್ಬ ನನಗೆ ಆಗಾಗ ಹಕ್ಕಿಗಳ ಫೋಟೊ ಕಳಿಸುತ್ತಾನೆ. ಕಳೆದ ತಿಂಗಳು ಕಳಿಸಿದ್ದು ಒಂದು ಗಂಡು ಗುಬ್ಬಿ. ಗಂಟಲಿನ ಕಪ್ಪು ಮಚ್ಚೆ, ನೆತ್ತಿಯ ಬೂದು ಬಣ್ಣ, ಕೊಕ್ಕಿಗೆ ಅಂಟಿದ ಜೋಳದ ನುಚ್ಚು, ಎಲ್ಲವೂ ಸ್ಪಷ್ಟವಾಗಿತ್ತು. ಹಿಂದೆ ಮಾತ್ರ ಏನೂ ಇಲ್ಲ. ಕದಡಿದ ಹಸಿರು ಮಬ್ಬು ಅಷ್ಟೆ. ‘ಹೆಂಗದರಿ ಸರ್?’ ಎಂದು ಕೇಳಿದ್ದ. ಚೆನ್ನಾಗಿದೆ ಎಂದೆ.

ಅದರ ಜೊತೆಗೆ ಇನ್ನೊಂದು ಫೋಟೊ ತಪ್ಪಿ ಬಂದಿತ್ತು. ಅದರಲ್ಲಿ ಗುಬ್ಬಿ ಕಿರುಬೆರಳ ಉಗುರಿನಷ್ಟು. ಆದರೆ ಮಾಳಿಗೆಯ ಜಂತಿ ಇತ್ತು, ಅದರಡಿ ಮೊರ ಹಿಡಿದು ಜೋಳ ಕೇರುತ್ತಿದ್ದ ಅಜ್ಜಿಯ ಬಳೆಗೈ ಇತ್ತು, ಗೋಡೆಗೆ ಒರಗಿಸಿಟ್ಟ ಸಿಮೆಂಟಿನ ಚೀಲಗಳಿದ್ದವು. ಇದರ ಬಗ್ಗೆ ಕೇಳಿದರೆ ಅವನಿಗೆ ನಾಚಿಕೆ. ‘ಅದು ಖರಾಬ್ ಆಗ್ಯಾದ್ರಿ ಸರ್. ಹಿಂದಿಂದೆಲ್ಲ ಬಂದದ, ಆಯಿ ಕೈ ಬ್ಯಾರೆ ಬಂದದ. ಡಿಲೀಟ್ ಮಾಡೋದು ಮರ್ತಿದ್ದೆ.’

ಈ ಬರಹ ಆ ಎರಡು ಚಿತ್ರಗಳ ನಡುವಿನ ಜಗಳದ ಬಗ್ಗೆ. ಹಿತ್ತಲ ಹಕ್ಕಿಗಳ ಫೋಟೊ ತೆಗೆಯುವುದು ಈಗ ದೊಡ್ಡ ಹವ್ಯಾಸ. ಅದಕ್ಕೊಂದು ಸೌಂದರ್ಯಶಾಸ್ತ್ರವೂ ಬಂದುಬಿಟ್ಟಿದೆ: ಹಕ್ಕಿ ಚೌಕಟ್ಟು ತುಂಬಬೇಕು, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಇರಬೇಕು, ಹಿನ್ನೆಲೆ ಕರಗಬೇಕು. ಮೊದಲಿನ ಎರಡಕ್ಕೆ ನನ್ನ ತಕರಾರಿಲ್ಲ. ಮೂರನೆಯದಕ್ಕೆ ಇದೆ. ಹಿನ್ನೆಲೆ ಕರಗಿದಾಗ ಕರಗುವುದು ಹಿತ್ತಲೇ. ಚಿಂತಾಕಿಯ ಗುಬ್ಬಿ ಬೆಂಗಳೂರಿನ ಗುಬ್ಬಿಯೂ ಆಗಬಹುದು, ಲಂಡನ್ನಿನದೂ ಆಗಬಹುದು. ಅದು ಯಾರ ಮನೆಯ ಕಾಳು ತಿಂದಿತು ಎಂಬುದು ಚಿತ್ರಕ್ಕೆ ಬೇಡವಾಗುತ್ತದೆ.

ಇದನ್ನು ಬೀದರಿನ ಕಡೆಯಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 1956ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯದ ಹಕ್ಕಿಗಳ ಸಮೀಕ್ಷೆಯನ್ನು 1930ರ ದಶಕದ ಆರಂಭದಲ್ಲಿ ಸಲೀಂ ಅಲಿ ನಡೆಸಿದರು. ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಅಂದಿನ ಸಮೀಕ್ಷೆ ಎಂದರೆ ಬಂದೂಕಿನ ಕೆಲಸ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೊಂದು ಚೀಟಿ ಕಟ್ಟುತ್ತಿದ್ದರು. ಚೀಟಿಯಲ್ಲಿ ಊರು, ತಾರೀಖು, ಗಂಡೋ ಹೆಣ್ಣೋ ಎಂಬ ವಿವರ. ಕ್ರೂರವೆನ್ನಿಸಬಹುದು, ಆದರೆ ಸತ್ತ ಆ ಹಕ್ಕಿಗೆ ವಿಳಾಸವಿತ್ತು. ಇಂದು ನಾವು ಕೊಲ್ಲುವುದಿಲ್ಲ. ಕೊಲ್ಲದೆಯೇ ವಿಳಾಸ ಅಳಿಸುತ್ತೇವೆ.

ಬಂದೂಕಿನಿಂದ ಕ್ಯಾಮೆರಾಕ್ಕೆ ಬಂದದ್ದು ದೊಡ್ಡ ಮುನ್ನಡೆ, ಅನುಮಾನವಿಲ್ಲ. ಆದರೆ ಬೇಟೆಯ ಮನಸ್ಸು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಗೂಡು ಕಾಣಲೆಂದು ರೆಂಬೆ ಸರಿಸುವ ಕೈಯಲ್ಲಿ ಕ್ಯಾಮೆರಾ ಇದ್ದರೂ ಕಾನೂನಿನ ಕಣ್ಣಿಗೆ ಅದು ಬೇಟೆಗಾರನ ಕೈ. ಚಿಂತಾಕಿಗೆ ದೂರವಲ್ಲದ ತೆಲಂಗಾಣದಲ್ಲಿ ದಸರೆಯಂದು ನೀಲಕಂಠ ಹಕ್ಕಿಯನ್ನು ನೋಡಿದರೆ ಶುಭವೆಂಬ ನಂಬಿಕೆಯಿದೆ. ಅಲ್ಲಿ ಅದನ್ನು ಪಾಲಪಿಟ್ಟ ಎನ್ನುತ್ತಾರೆ. ನಮಗೂ ಅವರಿಗೂ ಅದೇ ರಾಜ್ಯಪಕ್ಷಿ. ಹೊಲದ ಬದುವಿಗೆ ಹೋಗಿ, ಅದು ಕಣ್ಣಿಗೆ ಬೀಳುವವರೆಗೆ ಕಾಯುವುದು ಎಷ್ಟು ಚಂದದ ಆಚರಣೆ! ಆದರೆ ಕಾಯಲು ಪುರುಸೊತ್ತಿಲ್ಲದವರಿಗಾಗಿ ಹಕ್ಕಿಯನ್ನು ಹಿಡಿದು, ಪಂಜರದಲ್ಲಿಟ್ಟು, ದುಡ್ಡು ತೆಗೆದುಕೊಂಡು ತೋರಿಸುವವರೂ ಹುಟ್ಟಿಕೊಂಡರು. ನೋಡುವ ಆಸೆಯೇ ಹಿಡಿಯುವ ಆಸೆಯಾಗುವುದು ಹೀಗೆ. ಕಾಳು ಚೆಲ್ಲಿ, ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ, ತಾನು ಮೊದಲೇ ನೆಟ್ಟ ಕಡ್ಡಿಯ ಮೇಲೆ ಅದನ್ನು ಕೂರಿಸಿ ಚಿತ್ರ ತೆಗೆಯುವವನು ಆ ಪಂಜರದವನಿಂದ ಎಷ್ಟು ದೂರವಿದ್ದಾನೆ?

ಕನ್ನಡದಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ದೊಡ್ಡ ಲೇಖಕ ಪೂರ್ಣಚಂದ್ರ ತೇಜಸ್ವಿ. ಅವರು ಕಾದಂಬರಿಕಾರರಷ್ಟೇ ಅಲ್ಲ, ಮೂಡಿಗೆರೆಯ ತೋಟದಲ್ಲಿ ವರ್ಷಗಟ್ಟಲೆ ಹಕ್ಕಿಗಳ ಹಿಂದೆ ಬಿದ್ದ ಛಾಯಾಗ್ರಾಹಕ. ರೋಲಿನಲ್ಲಿ 36 ಚಿತ್ರ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಕ್ಯಾಮೆರಾ ಹಿಡಿದವರು. ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’, ‘ಹಕ್ಕಿ ಪುಕ್ಕ’ ಪುಸ್ತಕಗಳು ಎಷ್ಟೋ ಓದುಗರನ್ನು ಹಿತ್ತಲಿಗೆ ಕಳಿಸಿದವು. ಆದರೆ ನನಗೆ ಇಲ್ಲಿ ಮುಖ್ಯವೆನ್ನಿಸುವುದು 1980ರ ‘ಕರ್ವಾಲೊ’. ವಿಜ್ಞಾನಿ ಕರ್ವಾಲೊ, ಜೇನಿನ ಮಂದಣ್ಣ, ಕ್ಯಾಮೆರಾ ಹೊತ್ತ ಪ್ರಭಾಕರ ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾರೆ. ಕೊನೆಗೆ ಅದು ಸಿಕ್ಕಿಯೂ ಸಿಗದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಕಾದಂಬರಿ ಇದನ್ನು ಸೋಲೆಂದು ಬರೆಯುವುದಿಲ್ಲ. ಓತಿ ತಪ್ಪಿಸಿಕೊಂಡಿತು, ಆದರೆ ಹುಡುಕುವ ದಾರಿಯಲ್ಲಿ ಒಂದು ಊರು, ಅದರ ಜೇನು, ಅದರ ಜಗಳ, ಅದರ ಮನುಷ್ಯರು ನಮಗೆ ದಕ್ಕಿದರು. ಓತಿಯೊಂದನ್ನೇ ಚೌಕಟ್ಟಿನಲ್ಲಿ ತುಂಬಿಸಿದ್ದರೆ ಅದು ಪ್ರಾಣಿಶಾಸ್ತ್ರದ ಟಿಪ್ಪಣಿಯಾಗುತ್ತಿತ್ತು. ಹಿನ್ನೆಲೆಯನ್ನು ಉಳಿಸಿಕೊಂಡದ್ದರಿಂದ ಕಾದಂಬರಿಯಾಯಿತು.

ತೇಜಸ್ವಿಯವರನ್ನು ಮೆಚ್ಚುತ್ತಲೇ ಒಂದು ಮಾತು ಹೇಳಬೇಕು. ಅವರ ಹಕ್ಕಿಲೋಕದ ಕೇಂದ್ರ ಮಲೆನಾಡು. ಅದು ಅವರ ತಪ್ಪಲ್ಲ. ಅವರು ತಮ್ಮ ಹಿತ್ತಲನ್ನು ಬರೆದರು. ತಪ್ಪು, ಅದನ್ನೇ ಇಡೀ ಕನ್ನಡ ನಾಡಿನ ಹಿತ್ತಲೆಂದು ಓದಿಕೊಂಡ ನಮ್ಮದು. ಕನ್ನಡದಲ್ಲಿ ‘ನಿಸರ್ಗ’ ಎಂದೊಡನೆ ಮಳೆ, ಹಸಿರು, ಜಿಗಣೆ ನೆನಪಾಗುತ್ತವೆ. ಎರೆಹೊಲ, ತೊಗರಿ ಸಾಲು, ಜಾಲಿ ಮುಳ್ಳು, ಬೇಸಿಗೆಯ ಬಿಳಿ ಬಿಸಿಲು ನೆನಪಾಗುವುದಿಲ್ಲ. ಚಿಂತಾಕಿಯ ಹುಡುಗ ತನ್ನ ಗುಬ್ಬಿಯ ಹಿಂದಿನ ಮಣ್ಣಿನ ಗೋಡೆಯನ್ನು ಹಸಿರು ಮಬ್ಬಾಗಿಸಿದ್ದು ಬರೀ ಲೆನ್ಸಿನ ಆಟವಲ್ಲ. ‘ಚಂದ’ ಎಂದರೆ ಹಸಿರು ಎಂದು ಅವನಿಗೆ ಕಲಿಸಿದವರಲ್ಲಿ ನಮ್ಮ ಸಾಹಿತ್ಯವೂ ಇದೆ.

ಅವನ ಊರಿನಲ್ಲಿ ಹಕ್ಕಿಯ ಹೆಸರಿಗೂ ಹಿನ್ನೆಲೆಯಿದೆ. ಕನ್ನಡದ ಗುಬ್ಬಿ, ಮರಾಠಿ ಮನೆಯಲ್ಲಿ ಚಿಮಣಿ, ತೆಲುಗಿನಲ್ಲಿ ಪಿಚ್ಚುಕ. ನಮ್ಮ ಗೊರವಂಕ ತೆಲುಗಿನಲ್ಲಿ ಗೋರುವಂಕ, ಮರಾಠಿಯಲ್ಲಿ ಸಾಳುಂಕಿ. ಒಂದೇ ಬೇವಿನ ಮರದ ಮೇಲೆ ಕೂತ ಹಕ್ಕಿಯನ್ನು ಮೂರು ಮನೆಯವರು ಮೂರು ಹೆಸರಿನಿಂದ ಕರೆಯುವ ಗಡಿಸೀಮೆ ಇದು. ಫೋಟೊದ ಕೆಳಗೆ ಬರುವುದು ಮಾತ್ರ ‘ಹೌಸ್ ಸ್ಪ್ಯಾರೋ, ಮೇಲ್’.

ಹತ್ತಿರದ ಚಿತ್ರದಿಂದ ಲಾಭವಿಲ್ಲವೆಂದಲ್ಲ. ಗಂಡು ಹೆಣ್ಣಿನ ಗುರುತು, ಗರಿಯ ವಿನ್ಯಾಸ ಕಲಿಯಲು ಅದೇ ಬೇಕು. ಫೋಟೊ ತೆಗೆದವನ ಸಂತೋಷವನ್ನು ಪ್ರಶ್ನಿಸುವ ಅಧಿಕಾರವೂ ವಿಮರ್ಶಕನಿಗಿಲ್ಲ. ಆದರೆ ‘ಗುಬ್ಬಿ ಅಳಿದುಹೋಯಿತು’ ಎಂದು ನಾವೆಲ್ಲ ಕಣ್ಣೀರು ಹಾಕುತ್ತಿದ್ದಾಗ, 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬೇರೆಯದನ್ನು ಹೇಳಿತು: ಒಟ್ಟಾರೆ ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಕುಸಿದಿರುವುದು ದೊಡ್ಡ ನಗರಗಳಲ್ಲಿ. ಇದು ತಿಳಿದದ್ದು ಸಾವಿರಾರು ಹವ್ಯಾಸಿಗಳು ಎಲ್ಲಿ, ಯಾವತ್ತು, ಎಷ್ಟು ಎಂದು ಬರೆದಿಟ್ಟ ಸಾದಾ ಪಟ್ಟಿಗಳಿಂದ. ಸಲೀಂ ಅಲಿಯವರ ಚೀಟಿ ಬಂದೂಕಿಲ್ಲದೆ ಮರಳಿ ಬಂದದ್ದು ಅಲ್ಲಿ. ಚಿತ್ರಕ್ಕೂ ಅಂಥದೊಂದು ಚೀಟಿ ಕಟ್ಟಬಹುದು. ಅದಕ್ಕೆ ಯಾವ ಹಕ್ಕಿಯೂ ಸಾಯಬೇಕಿಲ್ಲ.

ಇಷ್ಟನ್ನು ಹುಡುಗನಿಗೆ ಹೇಳಲಿಲ್ಲ. ಆ ‘ಖರಾಬ್’ ಫೋಟೊ ಅಳಿಸಬೇಡ, ಅದರ ಕೆಳಗೆ ಎರಡು ಸಾಲು ಬರೆ ಎಂದೆ. ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಅದೇ ಚಿತ್ರ ಮತ್ತೆ ಬಂತು, ಕೆಳಗೆ ಹೀಗಿತ್ತು:

‘ಆಯಿ ಜೋಳ ಕೇರೋ ಹೊತ್ತಿಗಿ ದಿನಾ ಬರ್ತದ. ಗೂಡು ಜಂತಿ ಸಂದ್ಯಾಗ ಅದ. ಮುಂದಿನ ತಿಂಗಳು ಮಾಳಗಿ ಕೆಡವಿ ಸ್ಲ್ಯಾಬ್ ಹಾಕ್ತಾರ. ಮರಿ ಹಾರೋತನ ತಡೀರಿ ಅಂತ ಅಪ್ಪಗ ಹೇಳೀನಿ.’